ಬಾವಿಗೆ ಬಿಟ್ಟ ಪೈಪು

ಆಂಜನಮ್ಮನವರು ಮಂಡಿ ಆಪರೇಷನ್ ಮುಗಿಸಿಕೊಂಡು ಬಂದಾಗಿನಿಂದ ಆ ಮನೆಯಲ್ಲಿ ಒಂದು ವಿಷಯ ಬಿಟ್ಟು ಮಿಕ್ಕದ್ದೆಲ್ಲ ಮಾತಿಗೆ ಬರುತ್ತಿತ್ತು. ಆ ಒಂದು ವಿಷಯ ಕಕ್ಕಸಿನದು. ಇನ್ನು ಕುಕ್ಕರಗಾಲಲ್ಲಿ ಕೂರುವಂತಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿ ಕಳಿಸಿದ್ದರು. ಇವರ ಮನೆಯ ಕಕ್ಕಸೋ, ಹಿತ್ತಲಿನ ಆ ತುದಿಯಲ್ಲಿ ಮೆಟ್ಟಿಲು ಹತ್ತಿ ಹೋಗಬೇಕಾದ ಹಳೇ ಕಾಲದ್ದು. ಹಾಗಾಗಿ ಮಂಚದ ಪಕ್ಕ ಒಂದು ಕುರ್ಚಿ, ಕುರ್ಚಿಯ ನಡುವೆ ತೂತು, ತೂತಿನ ಕೆಳಗೆ ಪ್ಲಾಸ್ಟಿಕ್ ಡಬ್ಬ. ಆ ಡಬ್ಬ ಎತ್ತುವವಳು ಸೊಸೆ ಹಂಸ. ಬೇರೆ ಯಾರು ಎತ್ತುತ್ತಾರೆ, ನೀವೇ ಹೇಳಿ.

ಹಂಸ ಕೆಲಸಕ್ಕೆ ಹೆದರುವ ಹೆಣ್ಣಲ್ಲ. ಆದರೂ ಅವಳೂ ಮನುಷ್ಯಳಲ್ಲವೇ. ಉಸಿರು ಬಿಗಿಹಿಡಿದು ಡಬ್ಬ ಎತ್ತುವಳು, ಆಂಜನಮ್ಮ ಆ ಹೊತ್ತಿಗೆ ಗೋಡೆ ಕಡೆ ಮುಖ ತಿರುಗಿಸುವರು. ಮೊದಲೆಲ್ಲ ಅತ್ತೆ ಸೊಸೆ ಜೊತೆಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತ ಬೀದಿಯವರನ್ನೆಲ್ಲ ಆಡಿಕೊಂಡು ನಗುತ್ತಿದ್ದವರು. ಈಗ ಒಬ್ಬರ ಮುಖ ಒಬ್ಬರು ನೋಡಲು ನಾಚಿಕೊಳ್ಳುತ್ತಿದ್ದರು. ಮಾವ ಬೈಲಪ್ಪ ತಮ್ಮ ತಟ್ಟೆಯನ್ನು ನಡುಮನೆಯಿಂದ ಜಗಲಿಗೆ ಸಾಗಿಸಿದ್ದರು. ಮುದ್ದೆ ಅಲ್ಲಿಗೇ ಹೋಗಬೇಕಿತ್ತು.

ಒಂದು ಭಾನುವಾರ ಮಧ್ಯಾಹ್ನ ಹಂಸ ಗಂಡನಿಗೆ ಸಾರು ಬಡಿಸಿ, ಸೌಟು ಕೆಳಗಿಟ್ಟಳು.

"ರೀ, ಅತ್ತೆಗೊಂದು ಕಮೋಡ್ ಹಾಕ್ಸಿ. ಇಲ್ಲಾ ನಾಳೆಯಿಂದ ಡಬ್ಬ ನೀವು ಎತ್ತಿ."

ಶ್ರೀನಾಥ ಎತ್ತಿದ ತುತ್ತನ್ನು ತಟ್ಟೆಗೇ ಹಾಕಿದ. ಟೆಕ್ ಪಾರ್ಕಿನಲ್ಲಿ ಅವನು ಹೌಸ್‌ಕೀಪಿಂಗ್ ಸೂಪರ್‌ವೈಸರ್. ಮಹಡಿ ಮಹಡಿಯ ಕಕ್ಕಸು ನಿಂತು ತೊಳೆಸುವುದೇ ಅವನ ನೌಕರಿ. ಮನೆಯದರ ಹೆಸರೆತ್ತಿದರೆ ಮಾತ್ರ ಮಹಾರಾಯನಿಗೆ ಊಟ ಸೇರುತ್ತಿರಲಿಲ್ಲ. ಸಂಜೆಯೊಳಗೆ ಅಪ್ಪನನ್ನು ಒಪ್ಪಿಸಿದ.

ಎಲ್ಲಿ ಹಾಕಿಸುವುದೆಂಬುದು ಅದರ ಮುಂದಿನ ರಗಳೆ. ಮನೆಯೊಳಗೆ ಇದ್ದ ಒಂದೇ ಖಾಲಿ ಕೋಣೆಗೂ ದೇವರ ಮನೆಗೂ ಒಂದೇ ಗೋಡೆ. ಅಲ್ಲಿ ಬೇಡವೇ ಬೇಡ, ಬೇಕಾದರೆ ಸಾಯುವವರೆಗೂ ಹೀಗೇ ಇರುತ್ತೇನೆ ಎಂದು ಆಂಜನಮ್ಮ ಹಟ ಹಿಡಿದರು. ಕೊನೆಗೆ ಹಿಂಬಾಗಿಲಿಗೆ ಅಂಟಿಕೊಂಡಿದ್ದ ಸೌದೆ ಕೋಣೆಯನ್ನು ಆರಿಸಿದರು. ಬಾಗಿಲು ದಾಟಿ ಗೋಡೆ ಹಿಡಿದುಕೊಂಡು ಹೋದರೆ ಆಯಿತು, ಮೆಟ್ಟಿಲ ಕಾಟವಿಲ್ಲ.

ಸೌದೆ ಕೋಣೆಯ ಪಕ್ಕದಲ್ಲೇ ಬಾವಿ. ಸಿ.ವಿ. ರಾಮನ್ ನಗರದ ಹಿಂಬದಿಯ ಈ ಜಾಗವೆಲ್ಲ ಹೊಲವಾಗಿದ್ದಾಗ ಬೈಲಪ್ಪ ಇದೇ ಬಾವಿ ನೀರಲ್ಲಿ ಮೂಲಂಗಿ, ದಂಟಿನ ಸೊಪ್ಪು ಬೆಳೆದು ರಸೆಲ್ ಮಾರುಕಟ್ಟೆಗೆ ಗಾಡಿ ಹೊಡೆಯುತ್ತಿದ್ದವರು. ಆಮೇಲೆ ಹೊಲದಲ್ಲಿ ಬಾಡಿಗೆ ರೂಮುಗಳು ಎದ್ದವು, ಬಾವಿಯ ಮಗ್ಗುಲಲ್ಲೇ ಬೋರು ಕೊರೆಸಿದರು, ಬಾವಿಯ ಬಾಯಿಗೆ ಚಪ್ಪಡಿ ಬಿತ್ತು. ಮಣ್ಣು ತುಂಬಿಸಲು ಮಾತ್ರ ಆಂಜನಮ್ಮ ಬಿಡಲಿಲ್ಲ. ಬಾವಿ ಮುಚ್ಚಿದರೂ ಗಂಗಮ್ಮ ಉಸಿರಾಡಬೇಕು ಎಂಬುದು ಅವರ ಕಡೆಯ ಪದ್ಧತಿ. ಅದಕ್ಕೆ ಚಪ್ಪಡಿಯ ನಡುವೆ ಒಂದು ದಪ್ಪ ಪೈಪು ಇಳಿಬಿಟ್ಟು, ಅದರ ಬಾಯಿಯನ್ನು ಮೊಣಕಾಲೆತ್ತರಕ್ಕೆ ಮೇಲೆ ಬಿಟ್ಟಿದ್ದರು. ಶುಕ್ರವಾರ ಅದಕ್ಕೆ ಅರಿಶಿನ, ಕುಂಕುಮ, ಒಂದು ಹೂವು. ಹೊಸದಾಗಿ ಬಂದ ಬಾಡಿಗೆಯವರು ಕೆಲವರು ಅದನ್ನು ಲಿಂಗವೆಂದುಕೊಂಡು ಕೈಮುಗಿದು ಹೋಗುತ್ತಿದ್ದುದೂ ಉಂಟು.

ಪ್ಲಂಬರ್ ಸನಾವುಲ್ಲಾ ಶಿವಾಜಿನಗರದವನು. ಕಮೋಡು ಕೊಂಡ ಅಂಗಡಿಯವರೇ ಅವನನ್ನು ಕಳಿಸಿದ್ದರು. ಬಾಯಿ ತೆರೆದರೆ ನಿಲ್ಲಿಸುವ ಆಸಾಮಿಯಲ್ಲ. ಇಂದಿರಾನಗರದ ಒಂದು ಮನೆಯಲ್ಲಿ ಹತ್ತಿರ ಹೋದರೆ ಸಾಕು ಕಮೋಡಿನ ಮುಚ್ಚಳ ತಾನೇ ಏಳುತ್ತದಂತೆ, ಅದನ್ನು ಕೂರಿಸಿದವನು ತಾನೇ ಅಂತೆ. ಕೆಲಸ ಮುಗಿಯುವವರೆಗೆ ಧೂಳು ಬೇಡವೆಂದು ಆಂಜನಮ್ಮನವರನ್ನು ಕೆ.ಆರ್. ಪುರದ ತಮ್ಮನ ಮನೆಗೆ ಕಳಿಸಿದ್ದಾಗಿತ್ತು.

ಟೈಲ್ಸ್ ಕೂರಿಸಿ, ಕೊಳಾಯಿ ಎಳೆದಾದ ಮೇಲೆ ಸನಾವುಲ್ಲಾ ಹಿತ್ತಲನ್ನೆಲ್ಲ ಸುತ್ತಿ ಬಂದು ತಲೆ ಕೆರೆದುಕೊಂಡ. ಹಳೆಯ ಚರಂಡಿ ಲೈನಿಗೆ ರೂಮುಗಳೆಲ್ಲ ಸೇರಿಕೊಂಡಿವೆ, ಇನ್ನೊಂದು ಸೇರಿಸಿದರೆ ಎಲ್ಲರ ಮನೆಗೂ ಉಲ್ಟಾ ಹೊಡೆಯುತ್ತದೆ, ಹೊಸ ಲೈನು ಎಳೆದು ರಸ್ತೆ ಅಗೆಯಲೇಬೇಕು ಎಂದ. ರಸ್ತೆ ಅಗೆಯಬೇಕಾದರೆ ಅರ್ಜಿ ಕೊಡಬೇಕು, ಅರ್ಜಿ ಕೊಟ್ಟರೆ ಇಂಜಿನಿಯರು ಬರುತ್ತಾನೆ, ಬಂದವನು ಒಂದು ಮನೆಯ ಕನೆಕ್ಷನ್ನಿಗೆ ಎಷ್ಟು ರೂಮು ನೇತುಹಾಕಿದ್ದೀರಿ ಎಂದು ಎಣಿಸುತ್ತಾನೆ. ಬೈಲಪ್ಪನಿಗೆ ಇದೆಲ್ಲ ಕಣ್ಣಮುಂದೆ ಬಂತು.

"ರೋಡು ಗೀಡು ಬ್ಯಾಡ. ಅಗೋ, ಅಲ್ಲಿ ಪೈಪ್ ಐತಲ್ಲ, ಅದಕ್ಕೆ ಕೊಡು. ಹಳೇ ಗುಂಡಿ ಅದು."

ಸನಾವುಲ್ಲಾ ಪೈಪಿನ ಮೇಲಿನ ಕುಂಕುಮ ನೋಡಿದ. ಒಂದು ಚೂರು ಕಲ್ಲು ಒಳಗೆ ಬಿಟ್ಟು ಕಿವಿಗೊಟ್ಟ. ಸ್ವಲ್ಪ ಹೊತ್ತಿಗೆ ಬುಳಕ್ಕೆಂದಿತು.

"ಇದು ಗುಂಡಿ ಅಲ್ಲ ಸಾರ್. ಬಾವಿ."

"ಇತ್ತು. ಈಗ ಮುಚ್ಚಿದೀವಿ."

"ನೀರಿದೆ ಸಾರ್. ಬೋರೂ ಪಕ್ಕದಲ್ಲೇ ಇದೆ. ಆ ನೀರು ಯಾರು ಕುಡೀತಾರೆ?"

"ಯಾರೂ ಕುಡಿಯಲ್ಲ. ಬಟ್ಟೆಬರೆಗೆ ಅಷ್ಟೇ."

ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದ ಹಂಸ ಇದನ್ನೆಲ್ಲ ಕೇಳಿಸಿಕೊಂಡಳು. ಒಲೆಯ ಮೇಲೆ ಬೇಳೆ ಬೇಯುತ್ತಿದ್ದುದು ಅದೇ ಬೋರಿನ ನೀರಲ್ಲಿ. ರೂಮಿನವರೂ ಅದನ್ನೇ ಕುಡಿಯುವುದು. ಕಾವೇರಿಯೂ ಇದರ ಮುಂದೆ ಸಪ್ಪೆ ಎಂದು ಈ ಮಾವನೇ ಬಂದವರಿಗೆಲ್ಲ ಲೋಟ ಹಿಡಿದು ಜಂಬ ಕೊಚ್ಚುತ್ತಿದ್ದವರು. ಟೀ ಲೋಟ ಹಿಡಿದುಕೊಂಡು ಹೊರಗೆ ಬಂದಾಗ ಸನಾವುಲ್ಲಾ ಅವಳ ಮುಖ ನೋಡಿದ.

"ಏನಮ್ಮಾ, ಹಂಗೇ ಮಾಡ್ಲಾ?"

ಒಂದು ಮಾತು ಆಡಿದ್ದರೆ ಸಾಕಿತ್ತು. ಅವಳಿಗೆ ಡಬ್ಬ ಕಣ್ಣಮುಂದೆ ಬಂತು. ನಾಳೆ ಅತ್ತೆ ವಾಪಸು ಬರುತ್ತಾರೆ, ಮತ್ತೆ ಬೆಳಗಾದರೆ ಅದೇ ಡಬ್ಬ, ಅದೇ ಗೋಡೆ ಕಡೆ ತಿರುಗಿದ ಮುಖ.

"ಮಾವ ಹೇಳಿದ ಹಾಗೆ ಮಾಡಿ," ಎಂದಳು.

ಸನಾವುಲ್ಲಾ ಟೀ ಕುಡಿದ, ಪೈಪಿನ ಬಾಯಿ ಕೊಯ್ದು ಹೊಸ ಪೈಪು ಜೋಡಿಸಿದ. ನಾಳೆ ಏನಾದರೂ ಆದರೆ ತನ್ನ ಹೆಸರು ಎತ್ತಬಾರದು ಎಂದು ಹೇಳಿ ಸ್ಕೂಟರ್ ಹತ್ತಿದ. ಜೋಡಿಸಿದ ಕಡೆ ಬೈಲಪ್ಪ ಇಟ್ಟಿಗೆ ಕಟ್ಟಿಸಿ, ಮೇಲೆ ದಾಸವಾಳದ ಕುಂಡ ಇಡಿಸಿದರು.

ಆಂಜನಮ್ಮ ಮೊದಲ ಸಲ ಹೊಸ ಕಕ್ಕಸಿಗೆ ಒಬ್ಬರೇ ಹೋಗಿ, ಒಬ್ಬರೇ ಬಾಗಿಲು ಹಾಕಿಕೊಂಡು, ಒಬ್ಬರೇ ಹೊರಗೆ ಬಂದಾಗ ಅವರ ಕಣ್ಣಲ್ಲಿ ನೀರಿತ್ತು. ಹಂಸಳ ಕೆನ್ನೆ ಸವರಿ, ನನ್ನ ಮರ್ಯಾದೆ ಉಳೀತು ಕಣಮ್ಮ ಎಂದರು. ಅವತ್ತು ಶಾವಿಗೆ ಪಾಯಸವಾಯಿತು. ಬೈಲಪ್ಪ ಜಗಲಿಯಿಂದ ಒಳಗೆ ಬಂದು ಎಲ್ಲರ ಜೊತೆ ಕೂತರು. ಹಂಸ ತನ್ನ ಪಾಯಸದ ಬಟ್ಟಲನ್ನು ಹಾಗೇ ಮುಚ್ಚಿಟ್ಟಳು.

ಶುಕ್ರವಾರ ಬಂತು. ಆಂಜನಮ್ಮ ಅರಿಶಿನದ ಬಟ್ಟಲು ಹಿಡಿದು ಹಿತ್ತಲಿಗೆ ಹೋದರು. ಕೇಳಿದರೆ ಹೇಳಲೆಂದು ಬೈಲಪ್ಪ ಏನೇನೋ ಸುಳ್ಳು ಹೊಂದಿಸಿಕೊಂಡು ಬಾಗಿಲಲ್ಲೇ ನಿಂತಿದ್ದರು. ಆಂಜನಮ್ಮ ಕುಂಡವನ್ನು ನೋಡಿದರು, ಇಟ್ಟಿಗೆ ನೋಡಿದರು, ಹಾಗೇ ಹಿಂತಿರುಗಿದರು. ಮಂಡಿ ನೋವು, ಇನ್ನು ಮೇಲೆ ದೇವರ ಮನೆಯಲ್ಲೇ ಮಾಡಿಬಿಡುತ್ತೇನೆ ಎಂದರು.

ಮರುದಿನ ಮನೆಗೆ ಕ್ಯಾನ್ ನೀರು ಬಂತು. ಕ್ಯಾನ್ ನೀರು ಕುಡಿಯುವವರನ್ನು ಕಂಡರೆ ಮೂಗು ಮುರಿಯುತ್ತಿದ್ದ ಬೈಲಪ್ಪ ತಾವೇ ಹೆಗಲ ಮೇಲೆ ಹೊತ್ತು ತಂದು ಅಡುಗೆಮನೆಯಲ್ಲಿಟ್ಟರು. ಕುಡಿಯೋಕೂ ಅಡುಗೆಗೂ ಇದನ್ನೇ ಬಳಸಿ, ಬೇಸಿಗೆ ನೋಡಿ, ಬೋರಲ್ಲಿ ಮರಳು ಬರ್ತಿದೆ ಎಂದರು. ಮರಳು ಹಂಸಳ ಕಣ್ಣಿಗಂತೂ ಬಿದ್ದಿರಲಿಲ್ಲ. ಆಂಜನಮ್ಮ ಯಾಕೆಂದು ಕೇಳದೆ ಕ್ಯಾನಿನಿಂದ ಬಗ್ಗಿಸಿಕೊಂಡು ಕುಡಿದರು. ರೂಮುಗಳ ಕೊಳಾಯಿಯಲ್ಲಿ ಬೋರಿನ ನೀರು ಎಂದಿನಂತೆ ಬರುತ್ತಲೇ ಇತ್ತು.

ಹಿತ್ತಲಿಗೆ ಹತ್ತಿರದ ರೂಮಿನಲ್ಲಿ ಸಾಮಿಯಾ ಇದ್ದಳು. ಗಂಡ ತೌಹೀದ್ ರಸೆಲ್ ಮಾರುಕಟ್ಟೆಯಲ್ಲಿ ಹಣ್ಣಿನಂಗಡಿಯಲ್ಲಿ ಕೆಲಸಕ್ಕಿದ್ದ. ಮಗಳು ಅರೀಬಾ, ಹಂಸಳ ಮಗಳು ಪದ್ಮಶ್ರೀ ಒಂದೇ ಕ್ಲಾಸು, ಒಂದೇ ಬೆಂಚು. ಸಾಮಿಯಾಳಿಗೆ ಈಗ ಹೊಟ್ಟೆಯಲ್ಲಿ ಎರಡನೆಯದು. ಬಾಣಂತನಕ್ಕೆಂದು ಅತ್ತೆ ಇಮಾಮ್ ಬೀ ಆಗಲೇ ಬಂದು ಉಳಿದಿದ್ದರು. ಹಬ್ಬಕ್ಕೆ ಆ ಮನೆಯಿಂದ ಶೀರ್ ಕುರ್ಮಾ ಬಂದರೆ ಈ ಮನೆಯಿಂದ ಒಬ್ಬಟ್ಟು ಹೋಗುತ್ತಿತ್ತು. ಪದ್ಮಶ್ರೀ ಸ್ಕೂಲಿನಿಂದ ಬಂದವಳು ಚೀಲ ಎಸೆದು ಅಲ್ಲಿಗೇ ಓಡುತ್ತಿದ್ದಳು, ಬಾಯಾರಿದರೆ ಅಲ್ಲೇ ಕುಡಿಯುತ್ತಿದ್ದಳು.

ಹಂಸ ಮಗಳನ್ನು ಹತ್ತಿರ ಕರೆದು, ಇನ್ನು ಮೇಲೆ ಅರೀಬಾಳ ಮನೆಯಲ್ಲಿ ನೀರು ಕುಡಿಯಬೇಡ, ಅಲ್ಲಿ ಏನೂ ತಿನ್ನಬೇಡ ಎಂದು ಗದರಿಸಿದಳು. ಮಕ್ಕಳ ಹೊಟ್ಟೆಯಲ್ಲಿ ಮಾತು ನಿಲ್ಲುತ್ತದೆಯೇ. ಅಂದೇ ಸಂಜೆ ಸಾಮಿಯಾ ಹಿಂಬಾಗಿಲಲ್ಲಿ ಬಂದು ನಿಂತಳು.

"ಹಂಸಕ್ಕ, ನಮ್ಮನೇಲಿ ನೀರು ಕುಡೀಬೇಡ ಅಂದ್ರಂತೆ ಮಗೂಗೆ?"

ಹಂಸ ಮೊರದಲ್ಲಿ ಕಲ್ಲು ಆರಿಸತೊಡಗಿದಳು.

"ಇಷ್ಟು ವರ್ಷ ಇಲ್ದಿದ್ದು ಈಗೇನಕ್ಕಾ? ಯಾರಾದ್ರೂ ಹೇಳ್ಕೊಟ್ರಾ?"

ಜಾತಿಗಲ್ಲಮ್ಮ, ನೀರಿಗೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಒಳಗೆ ಬೈಲಪ್ಪ ಕೆಮ್ಮಿದರು. ಮಗೂಗೆ ಶೀತ ಆಗಿತ್ತು, ಅದಕ್ಕೇ ಅಂದೆ ಎಂದಳು ಹಂಸ. ಸಾಮಿಯಾ ಸರಿ ಅಕ್ಕಾ ಎಂದು ಹೊರಟುಹೋದಳು. ಮಾರನೆಯ ದಿನದಿಂದ ಅರೀಬಾ ಬೇರೆ ಬೆಂಚಿನಲ್ಲಿ ಕೂತಳು. ಹಂಸಳಿಗೆ ತನ್ನನ್ನೇ ತಾನು ಪರಚಿಕೊಳ್ಳುವಷ್ಟು ಹೇಸಿಗೆಯಾಯಿತು. ಒಂದು ದಿನ ಬಟ್ಟೆ ಒಣಹಾಕುವಾಗ ಧೈರ್ಯ ಮಾಡಿ, ನೀರು ಕುದಿಸಿ ಕುಡಿಯಮ್ಮ, ಬಸುರಿ ಹೆಂಗಸು ಎಂದಳು.

"ನಮ್ಮನೆ ನೀರಿನ ಚಿಂತೆ ನಿಮಗ್ಯಾಕೆ ಬಿಡಿ," ಎಂದು ಸಾಮಿಯಾ ಬಕೆಟ್ಟೆತ್ತಿಕೊಂಡು ಒಳಗೆ ಹೋದಳು.

ಹೀಗೇ ಒಂದಷ್ಟು ವಾರ ಕಳೆಯಿತು. ಬೋರಿನ ನೀರು ನೋಡಲು ಎಂದಿನಂತೆ ತಿಳಿಯಾಗಿಯೇ ಇತ್ತು, ಅದೇ ಭಯ. ಬೆಳಗ್ಗೆ ಮೋಟರು ಹಾಕಿದಾಗ ಮಾತ್ರ ಮೊದಲ ನೀರಿನಲ್ಲಿ ಒಂದು ವಾಸನೆ. ಕೊನೆಯ ರೂಮಿನ ಹುಡುಗರಿಗೆ ಹೊಟ್ಟೆ ಕೆಟ್ಟಿತು. ಸಾಮಿಯಾಳ ಪಕ್ಕದ ರೂಮಿನ ಯಶೋದಮ್ಮ ವಾಂತಿ ಮಾಡಿಕೊಂಡು ಎರಡು ದಿನ ಮಲಗಿ ಎದ್ದಳು. ಬೈಲಪ್ಪ ಎಲ್ಲರಿಗೂ ಬಿಸಿಲು ಕಾರಣ ಎಂದರು. ಆಮೇಲೆ ಒಂದು ದಿನ ಇಮಾಮ್ ಬೀ ಜಗಲಿಯ ಹತ್ತಿರ ಬಂದು, ಸೊಸೆಗೆ ಕಾಮಾಲೆಯಾಗಿದೆ, ಅನ್ನ ಕಂಡರೆ ಆಗುತ್ತಿಲ್ಲ, ನೆಲನೆಲ್ಲಿ ಸೊಪ್ಪು ಎಲ್ಲಾದರೂ ಸಿಗುತ್ತದೆಯೇ ಎಂದು ಆಂಜನಮ್ಮನವರನ್ನು ಕೇಳಿದರು.

ಆಂಜನಮ್ಮ ಕೋಲೂರಿಕೊಂಡು ಹೋಗಿ ಖಾಲಿ ಸೈಟಿನಲ್ಲಿ ಸೊಪ್ಪು ಹುಡುಕಿ ಕಿತ್ತು ತಂದರು. ಕಟ್ಟೆಯ ಮೇಲಿನ ಕಲ್ಲಲ್ಲಿ ನಿಂತೇ ಅರೆದರು, ಮಜ್ಜಿಗೆಗೆ ಕಲಸುವಾಗ ಕ್ಯಾನಿನ ನೀರನ್ನೇ ಬಗ್ಗಿಸಿಕೊಂಡರು. ಹಂಸ ನೋಡುತ್ತಲೇ ನಿಂತಿದ್ದಳು.

"ಅತ್ತೆ, ನಿಮಗೆ ಗೊತ್ತಿತ್ತಾ?"

ಆಂಜನಮ್ಮನವರ ಕೈ ನಿಂತಿತು.

"ನಾನೇನು ಕುರುಡಿನೇನೇ? ಅವತ್ತು ಶುಕ್ರವಾರಾನೇ ಗೊತ್ತಾಯ್ತು."

"ಗಂಗಮ್ಮ ಗಂಗಮ್ಮ ಅಂತಿದ್ರಲ್ಲ. ಒಂದು ಮಾತು ಅನ್ನಲಿಲ್ವಲ್ಲ."

"ಅಂದಿದ್ರೆ ಕಿತ್ತು ಹಾಕಿರೋರು." ಆಂಜನಮ್ಮ ಮಜ್ಜಿಗೆಯನ್ನೇ ನೋಡುತ್ತ ಹೇಳಿದರು. "ಗೋಡೆ ಕಡೆ ತಿರುಗಿದ್ರೂ, ಡಬ್ಬ ಎತ್ತುವಾಗ ಓರೆಗಣ್ಣಲ್ಲಿ ನಿನ್ನ ಮುಖ ನೋಡ್ತಿದ್ದೆ ನಾನು. ಮತ್ತೆ ಆ ಕುರ್ಚಿ ಮೇಲೆ ಕೂರೋಕೆ ನನ್ನ ಕೈಲಿ ಆಗಲ್ಲ ಕಣೇ. ಶಿಕ್ಷೆ ಕೊಡೋದಿದ್ರೆ ಗಂಗಮ್ಮ ನನಗೇ ಕೊಡ್ತಾಳೆ ಅಂದ್ಕೊಂಡಿದ್ದೆ. ಆ ಹುಡುಗಿಗೆ ಕೊಟ್ಟಳು."

ಹಂಸ ಲೋಟ ತೆಗೆದುಕೊಂಡು ಹೋಗಿ ಸಾಮಿಯಾಳ ಬಾಗಿಲಲ್ಲಿ ಕೊಟ್ಟು ಬಂದಳು. ಸಾಮಿಯಾ ಚಾಪೆಯ ಮೇಲೆ ಮಲಗಿದ್ದವಳು ಕಣ್ಣು ಬಿಟ್ಟು ನೋಡಿದಳು. ಕಣ್ಣೆರಡೂ ಅರಿಶಿನ ಬಳಿದಂತಿದ್ದವು. ಎರಡು ದಿನಕ್ಕೆ ಅವಳು ಏನೇನೋ ಬಡಬಡಿಸತೊಡಗಿದಾಗ ತೌಹೀದ್ ಆಟೋ ತಂದು ಶಿವಾಜಿನಗರದ ಆಸ್ಪತ್ರೆಗೆ ಸೇರಿಸಿದ.

ಆ ದಿನ ಊಟಕ್ಕೆ ಕೂತಾಗ ಬೈಲಪ್ಪ, ತೌಹೀದನಿಗೆ ರೂಮು ಬಿಡಲು ಹೇಳುತ್ತೇನೆ ಎಂದರು. ಅವರ ಕಡೆ ಹೊರಗಿನ ತಿಂಡಿ ಜಾಸ್ತಿ, ಅದರಿಂದಲೇ ರೋಗ, ಬೇರೆ ರೂಮಿನವರಿಗೂ ಅಂಟುತ್ತದೆ ಎಂದು ಅವರೇ ಹೇಳಿ ಅವರೇ ತಲೆದೂಗಿದರು. ಹಂಸ ಬಡಿಸುವುದನ್ನು ನಿಲ್ಲಿಸಿದಳು.

"ಮಾವ, ಮೊದಲು ಮೋಟರ್ ನಿಲ್ಸಿ. ರೋಡಿಗೆ ಲೈನ್ ಹಾಕ್ಸಿ."

"ನೀನು ಸುಮ್ನಿರು."

"ಎಷ್ಟು ಅಂತ ಸುಮ್ನಿರಲಿ? ಎರಡು ಜೀವ ಮಾವ ಅದು."

ಬೈಲಪ್ಪ ಕೈ ತೊಳೆದುಕೊಂಡರು. ದನಿ ಏರಿಸಲಿಲ್ಲ, ಅದೇ ಹಂಸಳಿಗೆ ಹೆದರಿಕೆ ಹುಟ್ಟಿಸಿದ್ದು.

"ಮಾವ ಹೇಳಿದ ಹಾಗೆ ಮಾಡಿ ಅಂತ ಪ್ಲಂಬರಿಗೆ ಹೇಳಿದ್ದು ಯಾರಮ್ಮ? ಹೋಗು, ಹೇಳ್ಕೊಂಡು ಬಾ. ಪೋಲೀಸ್ನೋರು ಬಂದ್ರೆ ನಿನ್ನ ಹೆಸರೂ ಬರ್ಕೋತಾರೆ. ಆಮೇಲೆ ನಿನ್ನ ಮಗಳಿಗೆ ಯಾರು ಅನ್ನ ಹಾಕ್ತಾರೆ ನೋಡ್ಕೋ."

ಹಂಸ ಗಂಡನ ಕಡೆ ತಿರುಗಿದಳು. ಸ್ವಲ್ಪ ದಿನ ತಡಿ, ಏನಾದ್ರೂ ಮಾಡೋಣ ಎಂದು ಶ್ರೀನಾಥ ತಟ್ಟೆಯೊಳಗೇ ಗೊಣಗಿದ. ಇಂಥ ಗಂಡಸಿಗೆ ಏನು ಹೇಳೋಣ. ಆಂಜನಮ್ಮ ಎದ್ದು, ಗೋಡೆ ಹಿಡಿದುಕೊಂಡು ಹಿಂಬಾಗಿಲ ಕಡೆ ನಡೆದರು. ಸ್ವಲ್ಪ ಹೊತ್ತಿಗೆ ಅಲ್ಲಿಂದ ನೀರು ಬಿಟ್ಟ ಸದ್ದು ಕೇಳಿಸಿತು. ಊಟದ ಮುಂದೆ ಕೂತವರೆಲ್ಲ ಅದನ್ನು ಕೇಳಿಸಿಕೊಂಡರು.

ಮರುದಿನ ಪದ್ಮಶ್ರೀಯನ್ನು ಸ್ಕೂಲಿಗೆ ಬಿಟ್ಟ ಹಂಸ ಮನೆಗೆ ಹೋಗಲಿಲ್ಲ, ಶಿವಾಜಿನಗರದ ಬಸ್ಸು ಹತ್ತಿದಳು. ವಾರ್ಡಿನಲ್ಲಿ ಸಾಮಿಯಾಳಿಗೆ ಡ್ರಿಪ್ ಹಾಕಿದ್ದರು. ಪಕ್ಕದಲ್ಲಿ ಇಮಾಮ್ ಬೀ ತಸ್ಬೀಹ್ ಮಣಿಸರ ಹಿಡಿದು ಕೂತಿದ್ದರು. ಹಂಸಳನ್ನು ಕಂಡು ಅವರು ಕಣ್ಣೊರೆಸಿಕೊಂಡು, ಬಂದ್ಯಾ ತಾಯಿ ಎಂದು ಸ್ಟೂಲು ಸರಿಸಿಕೊಟ್ಟರು. ಅರೀಬಾಳನ್ನು ಯಶೋದಮ್ಮನ ಹತ್ತಿರ ಬಿಟ್ಟು ಬಂದಿದ್ದೇವೆ ಎಂದರು. ಮಗು ನಿನ್ನೆಯಿಂದ ಹೊಟ್ಟೆಯಲ್ಲಿ ಸರಿಯಾಗಿ ಆಡುತ್ತಿಲ್ಲ, ಡಾಕ್ಟರು ಏನೂ ಭರವಸೆ ಕೊಡುತ್ತಿಲ್ಲ ಎಂದರು.

"ಯಾವ ನೀರು ಕುಡೀತೀರ ಅಂತ ಕೇಳಿದ್ರಮ್ಮ ಡಾಕ್ಟ್ರು. ನಮ್ಮ ಓನರ್ ಮನೆ ನೀರು ಬಹಳ ಒಳ್ಳೇದು, ಅದರಲ್ಲೇನೂ ಇಲ್ಲ ಅಂದೆ ನಾನು."

ಹಂಸ ಸ್ಟೂಲಿನ ಮೇಲೆ ಕೂರದೆ ಮಂಚದ ಸರಳು ಹಿಡಿದುಕೊಂಡು ಎಲ್ಲವನ್ನೂ ಹೇಳಿದಳು. ಬಾವಿ, ಪೈಪು, ಕ್ಯಾನ್ ನೀರು, ಪದ್ಮಶ್ರೀಗೆ ಗದರಿಸಿದ್ದು. ಇಮಾಮ್ ಬೀ ಎದ್ದು ಹೋಗಿ ನರ್ಸಿನ ಕಿವಿಯಲ್ಲಿ ನೀರಿನ ವಿಷಯ ಹೇಳಿ ವಾಪಸು ಬಂದರು. ಸಾಮಿಯಾ ಕಣ್ಣು ಮುಚ್ಚಿಕೊಂಡೇ ಇದ್ದಳು. ನಿದ್ದೆ ಬಂದಿರಬೇಕೆಂದುಕೊಳ್ಳುವಷ್ಟರಲ್ಲಿ ಮಾತಾಡಿದಳು.

"ಯಾವಾಗಿಂದ ಗೊತ್ತಿತ್ತು?"

"ಪೈಪ್ ಹಾಕಿದ ದಿನದಿಂದ."

"ನಾನು ಜಾತಿಗೆ ಅಂದ್ಕೊಂಡೆ ಅಕ್ಕಾ," ಎಂದಳು ಸಾಮಿಯಾ. "ಅದೇ ಆಗಿದ್ರೆ ಎಷ್ಟೋ ಚೆನ್ನಾಗಿತ್ತು."

ಹಂಸ ಬಿಕ್ಕಿದಳು. ಇಮಾಮ್ ಬೀ ಅವಳ ತೋಳು ಹಿಡಿದು ಬಾಗಿಲವರೆಗೆ ನಡೆಸಿಕೊಂಡು ಬಂದರು. ಬೈಯುತ್ತಾರೆ, ಹೊಡೆಯುತ್ತಾರೆ ಎಂದುಕೊಂಡಿದ್ದಳು ಹಂಸ. ಹೊಡೆಯಲಿ ಎಂದೇ ಇತ್ತು ಅವಳ ಮನಸ್ಸು.

"ಇಲ್ಲಿ ನಿಂತು ಅಳ್ಬೇಡ. ಹೋಗು. ಅಲ್ಲಿ ಎಲ್ಲರೂ ಇನ್ನೂ ಕುಡೀತಾ ಇದ್ದಾರೆ."

ಆಟೋದಲ್ಲಿ ಹಲಸೂರು ದಾಟುವವರೆಗೂ ಟ್ರಾಫಿಕ್ಕು. ಇಳಿದು ಓಡಿದರೆ ಬೇಗ ಹೋಗಬಹುದೇನೋ ಎನ್ನಿಸುತ್ತಿತ್ತು. ಮನೆ ತಲುಪಿದಾಗ ಮೋಟರು ಓಡುತ್ತಿತ್ತು, ಬೈಲಪ್ಪ ಜಗಲಿಯಲ್ಲಿ ಕೂತಿದ್ದರು. ಅವಳು ಮನೆಯ ಕಡೆ ತಿರುಗದೆ ನೇರ ರೂಮುಗಳ ಸಾಲಿಗೆ ಹೋಗುವುದನ್ನು ನೋಡಿ ಎದ್ದು ನಿಂತರು.

"ಹಂಸಾ, ಒಳಗೆ ಬಾ."

ಅವಳು ನಿಲ್ಲಲಿಲ್ಲ.

"ಇವತ್ತು ಆ ಬಾಗಿಲು ತಟ್ಟಿದ್ರೆ ಈ ಬಾಗಿಲು ನಿನಗಿಲ್ಲ."

ಹಂಸ ಯಶೋದಮ್ಮನ ಬಾಗಿಲು ತಟ್ಟಿದಳು, ಪಕ್ಕದ್ದನ್ನು ತಟ್ಟಿದಳು, ಅದರ ಪಕ್ಕದ್ದನ್ನೂ ತಟ್ಟಿದಳು. ಸಾಲಿಗೆಲ್ಲ ಕೇಳುವಂತೆ ಕೂಗಿ ಹೇಳಿದಳು.

"ನೀರು ಕುಡೀಬೇಡಿ. ಯಾರೂ ಕುಡೀಬೇಡಿ. ನಮ್ಮನೆ ಕಕ್ಕಸು ಬಾವಿಗೆ ಬಿಟ್ಟಿದೀವಿ."

ಬಾಗಿಲುಗಳು ಒಂದೊಂದಾಗಿ ತೆರೆದವು. ಯಶೋದಮ್ಮನ ಹಿಂದಿನಿಂದ ಅರೀಬಾ ಹೊರಗೆ ಬಂದಳು, ಸ್ಕೂಲಿಗೆ ಹೋಗಿರಲಿಲ್ಲ. ಬೆಳಗಿನಿಂದ ಏನೂ ತಿಂದಿಲ್ಲ, ಹೊಟ್ಟೆ ನೋವು ಅಂತಾಳೆ, ಬರೀ ನೀರು ಕುಡಿಸಿದೀನಿ ಎಂದಳು ಯಶೋದಮ್ಮ. ಹಂಸ ಮೊಣಕಾಲೂರಿ ಕೂತು, ಮಗುವಿನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ, ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಎಳೆದು ನೋಡಿದಳು. ಒಳಗೆ ಹಳದಿಯಾಗಿತ್ತು.